ಮೂರು ಪ್ಲಸ್ ಮೂರು: ಮನಃಶಾಸ್ತ್ರದಿಂದ ಲಾ ಸ್ಕೂಲಿಗೆ ಒಂದು ಒಳದಾರಿ

ಅಮೆರಿಕದಲ್ಲಿ ಲಾಯರ್ ಆಗಬೇಕು ಅಂದ್ರೆ ಹೈಸ್ಕೂಲ್ ಮುಗಿದ ಮೇಲೆ ಸಾಮಾನ್ಯವಾಗಿ ಏಳು ವರ್ಷ ಓದಬೇಕು. ಮೊದಲು ನಾಲ್ಕು ವರ್ಷದ ಯಾವುದಾದರೂ ಒಂದು ಪದವಿ, ಆಮೇಲೆ ಮೂರು ವರ್ಷ ಲಾ ಸ್ಕೂಲ್. ನಮ್ಮಲ್ಲಿ ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಸೇರಿಕೊಳ್ಳಬಹುದಲ್ಲ, ಆ ಥರದ ವ್ಯವಸ್ಥೆ ಅಲ್ಲಿಲ್ಲ. ಕಾನೂನು ಅಲ್ಲಿ ಪದವಿಯ ನಂತರ ಓದುವ ವಿಷಯ. ಕೊನೆಗೆ ಸಿಗುವ ಡಿಗ್ರಿಗೆ ಜೆಡಿ, ಅಂದರೆ ಜೂರಿಸ್ ಡಾಕ್ಟರ್ ಅಂತ ಹೆಸರು.

ಈ ಏಳು ವರ್ಷವನ್ನು ಆರಕ್ಕೆ ಇಳಿಸುವ ಒಂದು ಏರ್ಪಾಡು ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಅದನ್ನು '3+3' ಅಂತಾರೆ. ನ್ಯೂಯಾರ್ಕಿನ ಫೋರ್ಡಮ್, ನ್ಯೂಜೆರ್ಸಿಯ ರಟ್ಗರ್ಸ್, ಪೆನ್ ಸ್ಟೇಟ್, ಅಯೋವಾ ಹೀಗೆ ಹೆಸರು ಹೇಳುತ್ತಾ ಹೋಗಬಹುದು. ಮೂರು ವರ್ಷ ಪದವಿ ತರಗತಿ, ನಾಲ್ಕನೇ ವರ್ಷಕ್ಕೆ ಲಾ ಸ್ಕೂಲಿನ ಬೆಂಚು. ಈ ದಾರಿ ಹಿಡಿಯುವವರು ಆರಿಸಿಕೊಳ್ಳುವ ವಿಷಯಗಳಲ್ಲಿ ಮನಃಶಾಸ್ತ್ರವೂ ಒಂದು.

ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಇದ್ಯಾಕಪ್ಪಾ ಅಂತ ಕೇಳಬಹುದು. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಇದು ನೋಡೋಕೆ ಅಡ್ಮಿಷನ್ ವಿಷಯದ ಥರ ಇದ್ದರೂ ಒಳಗಡೆ ಪೂರ್ತಿ ಶೆಡ್ಯೂಲಿಂಗ್ ಪ್ರಾಬ್ಲಮ್ ಆಗಿರೋದ್ರಿಂದ. ಇನ್ನೊಂದು ಕಾರಣ, ಮನಃಶಾಸ್ತ್ರ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ 'ಅದು ಸ್ಕೋರಿಂಗ್ ಎಲೆಕ್ಟಿವ್ ಕಣೋ' ಅನ್ನೋ ಮಾತು ಬರುತ್ತೆ. ಅದೇ ಮನಃಶಾಸ್ತ್ರ ಕೋರ್ಟಿನ ಒಳಗೆ ಹೋದಾಗ ಏನಾಗುತ್ತೆ ಅಂತ ನೋಡಿದ ಮೇಲೆ ಆ ಮಾತು ಹೇಳೋದು ಸ್ವಲ್ಪ ಕಷ್ಟ.

ಕ್ರೆಡಿಟ್ ಲೆಕ್ಕ

ಅಮೆರಿಕದ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಸೆಮಿಸ್ಟರಿಗೆ 15, ಎಂಟು ಸೆಮಿಸ್ಟರಿಗೆ 120. ಎಐಸಿಟಿಇ ಮಾದರಿ ಪಠ್ಯಕ್ರಮದ ಪ್ರಕಾರ ನಮ್ಮ ಬಿಇಗೆ 160. ಆದರೆ ಅಲ್ಲಿಯ ಕ್ರೆಡಿಟ್ಟನ್ನು ಇಲ್ಲಿಯದರ ಜೊತೆ ನೇರವಾಗಿ ಹೋಲಿಸೋಕೆ ಹೋಗಬೇಡಿ, ಲೆಕ್ಕ ಹಾಕುವ ಕ್ರಮವೇ ಬೇರೆ.

ಆ 120ರಲ್ಲಿ ಮೂರು ಡಬ್ಬಿಗಳಿವೆ ಅಂದುಕೊಳ್ಳಿ. ಮೊದಲನೆಯದು ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳು: ಬರವಣಿಗೆ, ಗಣಿತ, ಒಂದಿಷ್ಟು ವಿಜ್ಞಾನ, ಇತಿಹಾಸ, ಕೆಲವು ಕಡೆ ಒಂದು ಪರಭಾಷೆ. ಎರಡನೆಯದು ಮೇಜರ್, ಅಂದರೆ ನಿಮ್ಮ ಮುಖ್ಯ ವಿಷಯ. ಮೂರನೆಯದು ಇಷ್ಟ ಬಂದದ್ದನ್ನು ಓದಿ ತುಂಬಿಸಬಹುದಾದ ಎಲೆಕ್ಟಿವ್ ಡಬ್ಬಿ.

ಅಲ್ಲಿನ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಅಮೆರಿಕನ್ ಬಾರ್ ಅಸೋಸಿಯೇಷನ್. ಅದರ ನಿಯಮ ಏನು ಹೇಳುತ್ತೆ ಅಂದ್ರೆ, ಲಾ ಸ್ಕೂಲಿಗೆ ಸೇರುವವರ ಹತ್ತಿರ ಬ್ಯಾಚುಲರ್ ಪದವಿ ಇರಬೇಕು, ಇಲ್ಲವೇ ಆ ಪದವಿಗೆ ಬೇಕಾದ ಓದಿನ ಮುಕ್ಕಾಲು ಭಾಗ ಮುಗಿದಿರಬೇಕು. 120ರ ಮುಕ್ಕಾಲು 90. ಆರು ಸೆಮಿಸ್ಟರ್ × 15 = 90. '3+3'ರ ಮೊದಲ ಮೂರು ಬಂದಿರೋದು ಇಲ್ಲಿಂದ. ಉಳಿದ 30 ಕ್ರೆಡಿಟ್ಟಿಗೆ ವಿದ್ಯಾರ್ಥಿ ಲಾ ಸ್ಕೂಲಿನ ಮೊದಲ ವರ್ಷ ಓದುತ್ತಾನೆ. ಅಲ್ಲಿ ಗಳಿಸಿದ್ದು ಜೆಡಿಯ ಖಾತೆಗೂ ಜಮಾ, ಬ್ಯಾಚುಲರ್ ಖಾತೆಯ ಎಲೆಕ್ಟಿವ್ ಡಬ್ಬಿಗೂ ಜಮಾ. ಆ ವರ್ಷ ಮುಗಿದಾಗ ಬ್ಯಾಚುಲರ್ ಪದವಿ ಕೈಗೆ ಬರುತ್ತೆ.

ಅಂದರೆ ಇಲ್ಲಿ ಯಾರೂ ಬೇಗ ಬೇಗ ಓದುತ್ತಿಲ್ಲ. 'ಆಕ್ಸಲರೇಟೆಡ್' ಅಂತ ಕರೆದರೂ ವೇಗ ಏನೂ ಹೆಚ್ಚಾಗಿಲ್ಲ. ಕಂಪ್ಯೂಟರ್ ಆರ್ಗನೈಸೇಷನ್ನಿನಲ್ಲಿ ಪೈಪ್‌ಲೈನ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ: ಪ್ರತಿ ಹಂತಕ್ಕೆ ಹಿಡಿಯುವ ಸಮಯ ಅಷ್ಟೇ ಇದೆ, ಎರಡು ಕೆಲಸಗಳು ಒಂದು ವರ್ಷದ ಮಟ್ಟಿಗೆ ಒಂದರ ಮೇಲೊಂದು ಬಂದಿವೆ. ಅದಕ್ಕೇ ಒಟ್ಟು ಸಮಯ ಕಡಿಮೆ.

ಈಗ ಇದರ ಪರಿಣಾಮ ನೋಡಿ. ಎಲೆಕ್ಟಿವ್ ಡಬ್ಬಿಯನ್ನು ಪೂರ್ತಿ ಲಾ ಸ್ಕೂಲೇ ತುಂಬಿಸುತ್ತೆ ಅಂದಮೇಲೆ ಮಿಕ್ಕ ಎರಡು ಡಬ್ಬಿಗಳು 90 ಕ್ರೆಡಿಟ್ ಒಳಗೆ ಮುಗಿದಿರಲೇಬೇಕು. ಮನಃಶಾಸ್ತ್ರದ ಮೇಜರ್ ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಮುಗಿಯುತ್ತೆ. ಸಾಮಾನ್ಯ ವಿಷಯಗಳು ಸೇರಿದರೂ 90ರೊಳಗೆ ಜಾಗ ಇದೆ. ಇಂಜಿನಿಯರಿಂಗಿಗೆ ಇದು ಹೊಂದಲ್ಲ. ಅಲ್ಲಿಯ ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಬೆಟ್ ಸಂಸ್ಥೆ ಕನಿಷ್ಠ 30 ಕ್ರೆಡಿಟ್ ಗಣಿತ-ವಿಜ್ಞಾನ, ಕನಿಷ್ಠ 45 ಕ್ರೆಡಿಟ್ ಇಂಜಿನಿಯರಿಂಗ್ ವಿಷಯ ಕೇಳುತ್ತೆ. ಅಲ್ಲಿಗೇ 75 ಆಯ್ತು. ಅದರ ಮೇಲೆ ಬರವಣಿಗೆ, ಸಮಾಜವಿಜ್ಞಾನ, ಬ್ರಾಂಚಿನ ಹೆಚ್ಚುವರಿ ಪೇಪರುಗಳು, ಕೊನೆಯ ವರ್ಷದ ಪ್ರಾಜೆಕ್ಟು. ಮೆಕ್ಯಾನಿಕಲ್ ಓದುವವನ ಎಲೆಕ್ಟಿವ್ ಡಬ್ಬಿ ಬೆಂಕಿಪೊಟ್ಟಣದಷ್ಟಿರುತ್ತೆ, 30 ಕ್ರೆಡಿಟ್ ಅದರಲ್ಲಿ ಹಿಡಿಸಲ್ಲ.

ಸ್ಲ್ಯಾಕ್ ಎಷ್ಟಿದೆ?

ಜಾಗ ಇದೆ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಮನಃಶಾಸ್ತ್ರದ ಪೇಪರುಗಳಲ್ಲಿ ಒಂದು ಸರಪಣಿ ಇದೆ: ಪರಿಚಯ ಕೋರ್ಸ್, ಅದಾದ ಮೇಲೆ ಸಂಖ್ಯಾಶಾಸ್ತ್ರ, ಅದಾದ ಮೇಲೆ ಸಂಶೋಧನಾ ವಿಧಾನ, ಆಮೇಲೆ ಲ್ಯಾಬ್ ಇರುವ ಒಂದು ಮೇಲಿನ ಹಂತದ ಕೋರ್ಸ್, ಕೊನೆಗೆ ಕ್ಯಾಪ್‌ಸ್ಟೋನ್. ಒಂದು ಮುಗಿಯದೆ ಮುಂದಿನದಕ್ಕೆ ನೋಂದಣಿ ಸಿಗಲ್ಲ. ಕಾಲೇಜಿಂದ ಕಾಲೇಜಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ, ಆದರೆ ಈ ಆಕಾರ ಬಹುತೇಕ ಕಡೆ ಹೀಗೇ.

ಕ್ರಿಟಿಕಲ್ ಪಾತ್ ಮೆಥಡ್ ಹಾಕಿ ನೋಡಿ. ಸರಪಣಿಯಲ್ಲಿ ಐದು ಕೊಂಡಿ, ಸೆಮಿಸ್ಟರಿಗೆ ಒಂದು. ಕೈಯಲ್ಲಿರೋದು ಆರು ಸೆಮಿಸ್ಟರ್. ಸ್ಲ್ಯಾಕ್ ಒಂದೇ ಒಂದು. ನಾಲ್ಕು ವರ್ಷದ ವಿದ್ಯಾರ್ಥಿಗೆ ಮೂರು ಸೆಮಿಸ್ಟರಿನ ಸ್ಲ್ಯಾಕ್ ಇರುತ್ತೆ. ಅವನು ಎರಡನೇ ವರ್ಷದ ತನಕ ಅದೂ ಇದೂ ರುಚಿ ನೋಡಿ ಆಮೇಲೆ ಮೇಜರ್ ಘೋಷಿಸಬಹುದು, ಅಲ್ಲಿನ ಶಿಕ್ಷಣದ ದೊಡ್ಡ ಸುಖ ಅದೇ. 3+3ರವನಿಗೆ ಆ ಸುಖ ಇಲ್ಲ. ಎರಡನೇ ಸೆಮಿಸ್ಟರಿನೊಳಗೆ ಸರಪಣಿ ಶುರುವಾಗಿರಬೇಕು. ಆಮೇಲೆ ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಫೇಲಾದರೆ, ಅಥವಾ ಲ್ಯಾಬ್ ಕೋರ್ಸಿನ ಸೀಟು ತುಂಬಿಹೋಗಿ ಒಂದು ಸೆಮಿಸ್ಟರ್ ಕಾಯಬೇಕಾದರೆ, ಇಡೀ ಯೋಜನೆ ಕೈಬಿಟ್ಟ ಹಾಗೆ. ಸಂಖ್ಯಾಶಾಸ್ತ್ರವನ್ನು ಮುಂದೆ ತಳ್ಳುವವರೇ ಹೆಚ್ಚು, ಅದಕ್ಕೇ ಅಡ್ವೈಸರುಗಳು ಮೊದಲು ಕೇಳೋದು ಅದನ್ನೇ.

ಇದರ ಮಧ್ಯೆ ಎಲ್‌ಸ್ಯಾಟ್ ಪರೀಕ್ಷೆ. ಮೂರನೇ ವರ್ಷದ ಆರಂಭದಲ್ಲಿ ಲಾ ಸ್ಕೂಲಿಗೆ ಅರ್ಜಿ ಹಾಕಬೇಕು, ಹಾಗಾಗಿ ಎರಡನೇ ವರ್ಷದ ಬೇಸಿಗೆ ರಜೆ ಇದರ ತಯಾರಿಗೇ ಹೋಗುತ್ತೆ. ಅಂಕ 120ರಿಂದ 180ರ ತನಕ. 35 ನಿಮಿಷದ ನಾಲ್ಕು ವಿಭಾಗ, ಅದರಲ್ಲಿ ಒಂದಕ್ಕೆ ಅಂಕ ಇಲ್ಲ, ಆದರೆ ಯಾವುದಕ್ಕೆ ಇಲ್ಲ ಅಂತ ಬರೆಯುವವರಿಗೆ ಗೊತ್ತಾಗಲ್ಲ. ಆರು ಜನ ಒಂದು ದುಂಡುಮೇಜಿನ ಸುತ್ತ ಕೂತಿದ್ದಾರೆ, ಎ ಪಕ್ಕದಲ್ಲಿ ಬಿ ಇಲ್ಲ, ಅನ್ನೋ ಥರದ ಲಾಜಿಕ್ ಒಗಟುಗಳು ಇದರಲ್ಲಿ ದಶಕಗಳ ಕಾಲ ಇದ್ದವು. ಪ್ಲೇಸ್‌ಮೆಂಟ್ ಆಪ್ಟಿಟ್ಯೂಡಿಗೆ ಓದಿದವರು ಕಣ್ಣು ಮುಚ್ಚಿ ಮಾಡಬಹುದಾದ ವಿಭಾಗ. 2024ರ ಆಗಸ್ಟ್‌ನಿಂದ ಅದನ್ನು ತೆಗೆದುಹಾಕಿದರು. ಈಗ ಉಳಿದಿರೋದು ತರ್ಕ ಮತ್ತು ಓದಿ ಅರ್ಥಮಾಡಿಕೊಳ್ಳುವ ವಿಭಾಗಗಳು. ಎಲ್‌ಸ್ಯಾಟ್ ಬದಲು ಜಿಆರ್‌ಇ ಒಪ್ಪುವ ಲಾ ಸ್ಕೂಲುಗಳೂ ಇವೆ.

ಅಪಾಯ ಎಲ್ಲಿದೆ ಅನ್ನೋದನ್ನ ಸರಿಯಾಗಿ ಗುರುತಿಸಬೇಕು. ಲಾ ಸ್ಕೂಲು ಸೀಟು ಕೊಡಲಿಲ್ಲ ಅಂದ್ರೆ ದೊಡ್ಡ ನಷ್ಟ ಏನಿಲ್ಲ, ಉಳಿದವರ ಹಾಗೆ ನಾಲ್ಕನೇ ವರ್ಷ ಓದಿ ಪದವಿ ತಗೊಂಡು ಮತ್ತೆ ಅರ್ಜಿ ಹಾಕಬಹುದು. ತೊಂದರೆ ಇರೋದು ಸೀಟು ಸಿಕ್ಕವರಿಗೆ. ಲಾ ಸ್ಕೂಲಿನ ಮೊದಲ ವರ್ಷದ ಮಧ್ಯದಲ್ಲಿ 'ಇದು ನನಗಲ್ಲ' ಅಂತ ಅನ್ನಿಸಿ ಬಿಟ್ಟು ಬಂದರೆ ಆ ಹೊತ್ತಿಗೆ ಕೈಯಲ್ಲಿ ಬ್ಯಾಚುಲರ್ ಪದವಿಯೂ ಇರಲ್ಲ. ಆ ಮೊದಲ ವರ್ಷವೇ ಮೂರರಲ್ಲಿ ಕಠಿಣ. ಕಾಂಟ್ರ್ಯಾಕ್ಟ್, ಟಾರ್ಟ್, ಸಿವಿಲ್ ಪ್ರೊಸೀಜರ್, ಕ್ರಿಮಿನಲ್ ಲಾ ಎಲ್ಲಾ ಒಟ್ಟಿಗೆ, ಹೆಚ್ಚಿನ ಪೇಪರಿಗೆ ಕೊನೆಯ ಒಂದೇ ಪರೀಕ್ಷೆ, ಅಂಕಗಳು ಕರ್ವ್ ಮೇಲೆ. ಪಕ್ಕದಲ್ಲಿ ಕೂತವರು ಇವನಿಗಿಂತ ಕನಿಷ್ಠ ಒಂದು ವರ್ಷ ದೊಡ್ಡವರು, ಕೆಲವರು ನಾಲ್ಕೈದು ವರ್ಷ ಕೆಲಸ ಮಾಡಿ ಬಂದವರು.

ದುಡ್ಡಿನ ವಿಷಯವೂ ಹಾಗೇ. ಒಂದು ವರ್ಷದ ಫೀ, ಒಂದು ವರ್ಷದ ರೂಮ್ ಬಾಡಿಗೆ ಉಳಿಯುತ್ತೆ, ನಿಜ. ಆದರೆ ನಾಲ್ಕನೇ ವರ್ಷ ಕಟ್ಟೋದು ಲಾ ಸ್ಕೂಲಿನ ಫೀ, ಪದವಿ ತರಗತಿಗೆ ಸಿಕ್ಕಿದ್ದ ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಅಲ್ಲಿಗೆ ಬರಲ್ಲ. ಇನ್ನೊಂದು ಮಾತು, ಇದನ್ನ ಬ್ರೋಷರುಗಳಲ್ಲಿ ದೊಡ್ಡದಾಗಿ ಹಾಕಲ್ಲ: 3+3ರವನು ಬಹುಮಟ್ಟಿಗೆ ತನ್ನ ಕಾಲೇಜು ಒಪ್ಪಂದ ಮಾಡಿಕೊಂಡಿರುವ ಲಾ ಸ್ಕೂಲಿಗೇ ಕಟ್ಟುಬೀಳುತ್ತಾನೆ. ನಾಲ್ಕು ವರ್ಷ ಓದಿದವನು ಹತ್ತು ಕಡೆ ಅರ್ಜಿ ಹಾಕಿ, ಒಂದು ಕಡೆ ಸಿಕ್ಕ ಸ್ಕಾಲರ್‌ಶಿಪ್ ತೋರಿಸಿ ಇನ್ನೊಂದು ಕಡೆ ಚೌಕಾಶಿ ಮಾಡಬಹುದು. ಹಾಗೆ ಸಿಗಬಹುದಾದ ಸ್ಕಾಲರ್‌ಶಿಪ್ ಒಂದು ವರ್ಷದ ಉಳಿತಾಯಕ್ಕಿಂತ ದೊಡ್ಡದಾಗಿರುವ ಸಾಧ್ಯತೆ ಇದ್ದೇ ಇದೆ.

ಕೋರ್ಟಲ್ಲಿ ಮನಃಶಾಸ್ತ್ರಕ್ಕೇನು ಕೆಲಸ?

ಲಾ ಸ್ಕೂಲಿಗೆ ಇಂಥದ್ದೇ ವಿಷಯ ಓದಿ ಬರಬೇಕು ಅಂತ ನಿಯಮ ಇಲ್ಲ. ಇತಿಹಾಸ ಓದಿದವರೂ ಬರ್ತಾರೆ, ಸಂಗೀತ ಓದಿದವರೂ ಬರ್ತಾರೆ. ಹಾಗಿದ್ದಮೇಲೆ ಮನಃಶಾಸ್ತ್ರವೇ ಯಾಕೆ? 'ಎದುರಿಗಿರುವವನ ಮನಸ್ಸು ಓದಬಹುದು' ಅನ್ನೋದು ಸಿನಿಮಾ ಉತ್ತರ. ನಿಜವಾದ ಉತ್ತರ ಒಂದು ಪುಟ್ಟ ಪ್ರಯೋಗದಲ್ಲಿದೆ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವವರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತುಣುಕುಗಳನ್ನು ತೋರಿಸಿ 'ಕಾರುಗಳು ಎಷ್ಟು ಸ್ಪೀಡಲ್ಲಿದ್ದವು?' ಅಂತ ಕೇಳಿದರು. ಎಲ್ಲರಿಗೂ ಅದೇ ತುಣುಕುಗಳು, ಪ್ರಶ್ನೆಯಲ್ಲಿ ಮಾತ್ರ ಒಂದು ಕ್ರಿಯಾಪದ ಬೇರೆ. ಕನ್ನಡದಲ್ಲಿ ಹೇಳೋದಾದ್ರೆ ಒಂದು ಗುಂಪಿಗೆ 'ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ' ಅಂತ ಕೇಳಿದರು, ಇನ್ನೊಂದಕ್ಕೆ 'ಗುದ್ದಿದಾಗ', ಮತ್ತೊಂದಕ್ಕೆ 'ತಾಗಿದಾಗ'. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40.8 ಮೈಲಿ. ತಾಗಿದಾಗ ಅಂತ ಕೇಳಿಸಿಕೊಂಡವರದ್ದು 31.8. ಒಂದೇ ಪದಕ್ಕೆ ಒಂಬತ್ತು ಮೈಲಿ.

ಇಷ್ಟಕ್ಕೇ ನಿಂತಿದ್ದರೆ 'ಅಂದಾಜು ತಾನೇ, ಹೆಚ್ಚುಕಮ್ಮಿ ಆಗುತ್ತೆ' ಅನ್ನಬಹುದಿತ್ತು. ಎರಡನೇ ಪ್ರಯೋಗದಲ್ಲಿ ಒಂದು ವಾರ ಬಿಟ್ಟು ಅವರನ್ನೇ ಮತ್ತೆ ಕರೆದು 'ಒಡೆದ ಗಾಜು ಕಂಡಿತಾ?' ಅಂತ ಕೇಳಿದರು. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. 'ಗುದ್ದಿದಾಗ' ಗುಂಪಿನ 50 ಜನರಲ್ಲಿ 7 ಜನ ಕಂಡಿತು ಅಂದರು. 'ಅಪ್ಪಳಿಸಿದಾಗ' ಗುಂಪಿನಲ್ಲಿ 16 ಜನ. ಪ್ರಶ್ನೆ ಕೇಳಿದವರ ಪದವೊಂದು ನೋಡಿದವರ ನೆನಪಿನೊಳಗೆ ಗಾಜು ಒಡೆದು ಬಂದಿತ್ತು. ಹಾರ್ಡ್ ಡಿಸ್ಕಿನಿಂದ ಫೈಲ್ ಓದಿದರೆ ಫೈಲ್ ಬದಲಾಗಲ್ಲ. ನೆನಪು ಹಾಗಲ್ಲ, ಓದುವಾಗಲೇ ಅದರ ಮೇಲೆ ಬರವಣಿಗೆಯೂ ನಡೆಯುತ್ತಿರುತ್ತೆ.

ವಕೀಲರು ತಮ್ಮದೇ ಸಾಕ್ಷಿಗೆ ಉತ್ತರ ಸೂಚಿಸುವ ಪ್ರಶ್ನೆ ಕೇಳಬಾರದು ಅನ್ನೋ ನಿಯಮ ಈ ಪ್ರಯೋಗಕ್ಕಿಂತ ಬಹಳ ಹಳೆಯದು. ಅಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಅದು ಕೋರ್ಟ್ ಹಾಲ್ ಒಳಗಿನ ನಿಯಮ. ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯ ಬೆಡ್ ಪಕ್ಕದಲ್ಲಿ, ಮೊದಲ ದಿನ, ಯಾರು ಯಾವ ಪದ ಬಳಸಿ ಕೇಳಿದರು?

ಆ ಪ್ರಶ್ನೆಗೆ ಎಷ್ಟು ಬೆಲೆ ತೆರಬೇಕಾಗುತ್ತೆ ಅನ್ನೋದಕ್ಕೆ ರೊನಾಲ್ಡ್ ಕಾಟನ್ ಪ್ರಕರಣ ನೋಡಿ. 1984, ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್. ಜೆನಿಫರ್ ಥಾಂಪ್ಸನ್ ಎಂಬ ಕಾಲೇಜು ವಿದ್ಯಾರ್ಥಿನಿಯ ಮನೆಗೆ ರಾತ್ರಿ ಒಬ್ಬ ನುಗ್ಗಿ ಅತ್ಯಾಚಾರ ಮಾಡಿದ. ಬದುಕಿ ಉಳಿದರೆ ಇವನನ್ನು ಗುರುತಿಸಲೇಬೇಕು ಅಂತ ಆಕೆ ಆ ಹೊತ್ತಿನಲ್ಲೂ ಅವನ ಮುಖವನ್ನು ಬೇಕೆಂದೇ ಗಮನಿಟ್ಟು ನೋಡಿದ್ದರು. ಪೊಲೀಸರು ತೋರಿಸಿದ ಫೋಟೋಗಳಲ್ಲಿ ಕಾಟನ್‌ನನ್ನು ಗುರುತಿಸಿದರು. ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದರು. ಫೋಟೋದಲ್ಲೂ ಸಾಲಿನಲ್ಲೂ ಎರಡೂ ಕಡೆ ಇದ್ದವನು ಕಾಟನ್ ಒಬ್ಬನೇ. ಆಕೆ ತೋರಿಸಿದ ಮೇಲೆ, ಫೋಟೋದಲ್ಲಿ ನೀವು ಗುರುತಿಸಿದವನೂ ಇವನೇ ಅಂತ ಪೊಲೀಸರು ಹೇಳಿದರು. ಅಷ್ಟು ಸಾಕು, ಇದ್ದ ಚೂರುಪಾರು ಅನುಮಾನವೂ ಹೋಯಿತು. 1985ರಲ್ಲಿ ಕಾಟನ್‌ಗೆ ಜೀವಾವಧಿ ಶಿಕ್ಷೆ ಆಯ್ತು.

ನಿಜವಾದ ಅಪರಾಧಿ ಬಾಬಿ ಪೂಲ್ ಎಂಬವನು. 1987ರ ಮರುವಿಚಾರಣೆಯಲ್ಲಿ ಅವನನ್ನೇ ಕೋರ್ಟಿಗೆ ಕರೆತಂದು ಆಕೆಯ ಎದುರು ನಿಲ್ಲಿಸಿದರು. ಇವನನ್ನು ನಾನು ಯಾವತ್ತೂ ನೋಡಿಯೇ ಇಲ್ಲ ಅಂದರು ಥಾಂಪ್ಸನ್. ಸುಳ್ಳು ಹೇಳುತ್ತಿರಲಿಲ್ಲ. ಅಷ್ಟರಲ್ಲಿ ನೆನಪಿನಲ್ಲಿದ್ದ ಮುಖ ಕಾಟನ್‌ನದಾಗಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಆಗಿ ಕಾಟನ್ ಹೊರಬಂದಾಗ ಹತ್ತು ವರ್ಷಕ್ಕಿಂತ ಹೆಚ್ಚು ಜೈಲಿನಲ್ಲಿ ಕಳೆದಿದ್ದ. ಮುಂದೆ ಇಬ್ಬರೂ ಸೇರಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು, ಸಾಕ್ಷಿ ಗುರುತಿಸುವ ಕ್ರಮ ಬದಲಾಗಬೇಕು ಅಂತ ಊರೂರು ತಿರುಗಿ ಮಾತಾಡಿದರು. ಇನೊಸೆನ್ಸ್ ಪ್ರಾಜೆಕ್ಟ್ ಲೆಕ್ಕದ ಪ್ರಕಾರ ಅಮೆರಿಕದಲ್ಲಿ ಡಿಎನ್‌ಎಯಿಂದ ನಿರ್ದೋಷಿ ಅಂತ ಸಾಬೀತಾದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟರಲ್ಲಿ ಪ್ರತ್ಯಕ್ಷಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರು.

ಗುರುತು ಪರೇಡ್ ಅಂದರೆ ಒಂದು ಡಿಟೆಕ್ಟರ್

ಇಸಿಯವರು ಇಲ್ಲಿಂದ ಸ್ವಲ್ಪ ಎದ್ದು ಕೂರಬಹುದು. ಸಾಲಾಗಿ ಆರು ಜನರನ್ನು ನಿಲ್ಲಿಸಿ 'ಇವರಲ್ಲಿ ಅವನಿದ್ದಾನಾ?' ಅಂತ ಕೇಳೋದು ಅಂದ್ರೆ ನಾಯ್ಸ್ ನಡುವೆ ಸಿಗ್ನಲ್ ಇದೆಯಾ ಅಂತ ಕೇಳಿದ ಹಾಗೆ. ಅಪರಾಧಿ ಸಾಲಿನಲ್ಲಿದ್ದು ಸಾಕ್ಷಿ ಅವನನ್ನೇ ತೋರಿಸಿದರೆ ಹಿಟ್. ಅವನಿಲ್ಲದಿದ್ದರೂ ನಿರಪರಾಧಿ ಶಂಕಿತನನ್ನು ತೋರಿಸಿದರೆ ಫಾಲ್ಸ್ ಅಲಾರ್ಮ್.

1985ರಲ್ಲಿ ರಾಡ್ ಲಿಂಡ್ಸೆ ಮತ್ತು ಗ್ಯಾರಿ ವೆಲ್ಸ್ ಒಂದು ಸಲಹೆ ಕೊಟ್ಟರು. ಆರು ಜನರನ್ನು ಒಟ್ಟಿಗೆ ತೋರಿಸಿದರೆ ಸಾಕ್ಷಿ 'ಇವರಲ್ಲಿ ಯಾರು ಹೆಚ್ಚು ಹೋಲುತ್ತಾರೆ' ಅಂತ ಹೋಲಿಸಿ ನೋಡುತ್ತಾರೆ. ಅದರ ಬದಲು ಒಬ್ಬೊಬ್ಬರನ್ನಾಗಿ ತೋರಿಸಿ ಪ್ರತಿಯೊಬ್ಬರಿಗೂ ಹೌದು-ಅಲ್ಲ ಅಂತ ಕೇಳಿ ಅಂದರು. ಹಾಗೆ ಮಾಡಿದಾಗ ಫಾಲ್ಸ್ ಅಲಾರ್ಮ್ ಕಡಿಮೆ ಆಯ್ತು. ಹಲವು ರಾಜ್ಯಗಳ ಪೊಲೀಸರು ಈ ಕ್ರಮವನ್ನು ಅಳವಡಿಸಿಕೊಂಡರು.

ಆದರೆ ಮುಂದಿನ ಪ್ರಯೋಗಗಳಲ್ಲಿ ಹಿಟ್ ಕೂಡ ಕಡಿಮೆಯಾಗುವುದು ಕಂಡಿತು. ಹಾಗಾದರೆ ಡಿಟೆಕ್ಟರ್ ನಿಜವಾಗಿ ಉತ್ತಮವಾಯ್ತಾ, ಇಲ್ಲ ಬರೀ ಥ್ರೆಶೋಲ್ಡ್ ಏರಿತಾ? ಇದಕ್ಕೆ ಉತ್ತರ ಕೊಡುವ ಸಾಧನ ನಮಗೆಲ್ಲ ಗೊತ್ತಿರುವ ಆರ್‌ಒಸಿ ಕರ್ವ್, ಎರಡನೇ ಮಹಾಯುದ್ಧದ ಕಾಲದ ರೇಡಾರ್ ಕೆಲಸದಿಂದ ಬಂದದ್ದು, ಈಗ ಮೆಷಿನ್ ಲರ್ನಿಂಗ್ ಲ್ಯಾಬಿನಲ್ಲಿ ಎರಡು ಸಾಲಿನ ಕೋಡ್. 2012ರಲ್ಲಿ ಲಾರಾ ಮಿಕೆಸ್, ಹೆದರ್ ಫ್ಲೋ ಮತ್ತು ಜಾನ್ ವಿಕ್ಸ್ಟೆಡ್ ಗುರುತು ಪರೇಡಿನ ದತ್ತಾಂಶಕ್ಕೆ ಈ ಕರ್ವ್ ಹಾಕಿ ನೋಡಿದರು. ಒಬ್ಬೊಬ್ಬರನ್ನಾಗಿ ತೋರಿಸುವ ವಿಧಾನ ಮೇಲಲ್ಲ, ಒಟ್ಟಿಗೆ ತೋರಿಸುವುದೇ ಒಂದಿಷ್ಟು ವಾಸಿ ಇದ್ದಂತಿದೆ ಅನ್ನೋ ಫಲಿತಾಂಶ ಬಂತು. ಜಗಳ ಇನ್ನೂ ನಿಂತಿಲ್ಲ. ಎರಡೂ ಕಡೆಯವರು ಒಪ್ಪುವ ಸಂಗತಿಗಳೂ ಇವೆ: ಪರೇಡ್ ನಡೆಸುವ ಅಧಿಕಾರಿಗೆ ಶಂಕಿತ ಯಾರು ಅಂತ ಗೊತ್ತಿರಬಾರದು, ಅಂದರೆ ಔಷಧ ಪ್ರಯೋಗದ ಹಾಗೆ ಡಬಲ್ ಬ್ಲೈಂಡ್ ಆಗಿರಬೇಕು. ಗುರುತಿಸಿದ ಕ್ಷಣವೇ 'ಎಷ್ಟು ಖಾತ್ರಿ?' ಅಂತ ಕೇಳಿ ಬರೆದುಕೊಳ್ಳಬೇಕು, ಯಾರಾದರೂ 'ಸರಿಯಾಗಿ ಹೇಳಿದ್ರಿ' ಅನ್ನುವ ಮೊದಲು. ಆ ಮಾತು ಕೇಳಿದ ಮೇಲೆ ಸಾಕ್ಷಿಯ ಆತ್ಮವಿಶ್ವಾಸ ಏರಿಬಿಡುತ್ತೆ, ತಾವು ಮೊದಲಿಂದಲೂ ಅಷ್ಟೇ ಖಾತ್ರಿಯಾಗಿದ್ದೆವು ಅಂತಲೇ ಅವರಿಗೆ ನೆನಪಿರುತ್ತೆ.

ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2011ರ ಹೆಂಡರ್ಸನ್ ಪ್ರಕರಣದಲ್ಲಿ ಇಂಥ ಸಂಶೋಧನೆಗಳನ್ನೆಲ್ಲ ತರಿಸಿ ನೋಡಿ, ಸಾಕ್ಷಿಯ ಗುರುತಿಸುವಿಕೆಯನ್ನು ಅಳೆಯುವ ತನ್ನ ಹಳೆಯ ಮಾನದಂಡವನ್ನೇ ಬದಲಾಯಿಸಿತು, ಜ್ಯೂರಿಗೆ ಇದನ್ನು ವಿವರಿಸಿ ಹೇಳಬೇಕು ಅಂತ ವಿಧಿಸಿತು. ಅದಕ್ಕೂ ಮೊದಲು, 1993ರ ಡೌಬರ್ಟ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವೈಜ್ಞಾನಿಕ ಸಾಕ್ಷ್ಯವನ್ನು ಒಳಗೆ ಬಿಡುವ ಮೊದಲು ನ್ಯಾಯಾಧೀಶರು ಏನೇನು ನೋಡಬೇಕು ಅಂತ ಹೇಳಿತ್ತು. ಪರೀಕ್ಷಿಸಿ ನೋಡಬಹುದಾ, ಬೇರೆ ಪರಿಣತರು ಪರಿಶೀಲಿಸಿದ್ದಾರಾ, ಎರರ್ ರೇಟ್ ಎಷ್ಟು, ಆ ಕ್ಷೇತ್ರದವರು ಒಪ್ಪುತ್ತಾರಾ.

ಎರರ್ ರೇಟ್ ಎಷ್ಟು ಅಂತ ನ್ಯಾಯಾಧೀಶರು ಕೇಳಿದಾಗ ಉತ್ತರ ಹೇಳಬೇಕಾದ, ಅಥವಾ ಎದುರು ಪಕ್ಷದ ತಜ್ಞರಿಗೆ ಅದೇ ಪ್ರಶ್ನೆ ಹಾಕಬೇಕಾದ ವಕೀಲರಿಗೆ ಆ ಸರಪಣಿಯ ಎರಡನೇ ಮೂರನೇ ಕೊಂಡಿ, ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ, ಕೆಲಸಕ್ಕೆ ಬರುತ್ತೆ. ನನ್ನ ಅಭಿಪ್ರಾಯದಲ್ಲಿ ಮನಃಶಾಸ್ತ್ರ ಓದಿ ಲಾ ಓದುವುದರ ಮುಖ್ಯ ಲಾಭ ಅದು. ಫ್ರಾಯ್ಡ್ ಅಲ್ಲ, ಬಾಡಿ ಲ್ಯಾಂಗ್ವೇಜ್ ಅಂತೂ ಅಲ್ಲವೇ ಅಲ್ಲ. ಹಾಗೆ ನೋಡಿದರೆ 3+3ರಲ್ಲಿ ಕಳೆದುಹೋಗುವುದೂ ಇದಕ್ಕೆ ಸಂಬಂಧಪಟ್ಟದ್ದೇ. ನಾಲ್ಕನೇ ವರ್ಷದಲ್ಲಿ ಪ್ರೊಫೆಸರ ಲ್ಯಾಬಿನಲ್ಲಿ ಕೂತು, ಸ್ವಂತ ಪ್ರಯೋಗ ಮಾಡಿ, ದತ್ತಾಂಶ ಕೈಕೊಟ್ಟು ಒದ್ದಾಡಿ ಬರೆಯುವ ಆನರ್ಸ್ ಪ್ರಬಂಧಕ್ಕೆ ಇಲ್ಲಿ ಹೊತ್ತಿರಲ್ಲ.

ಬಿಎ ಮುಗಿಸಿದರೆ ಮನಃಶಾಸ್ತ್ರಜ್ಞ ಆಗಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಅಲ್ಲಿ ಅದಕ್ಕೆ ಸಾಮಾನ್ಯವಾಗಿ ಡಾಕ್ಟರೇಟ್ ಮತ್ತು ರಾಜ್ಯದ ಲೈಸೆನ್ಸ್ ಬೇಕು, ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಬೇಕು. ಎರಡೂ ಅರ್ಹತೆ ಇದ್ದವರೂ ಒಂದೇ ಪ್ರಕರಣದಲ್ಲಿ ವಕೀಲರಾಗಿ ವಾದಿಸುತ್ತಾ ತಜ್ಞ ಸಾಕ್ಷಿಯಾಗಿಯೂ ನಿಲ್ಲೋಕೆ ಅಲ್ಲಿನ ವೃತ್ತಿ ನಿಯಮ ಸಾಮಾನ್ಯವಾಗಿ ಬಿಡಲ್ಲ.

ಹದಿನೆಂಟರ ನಿರ್ಧಾರ

ಇದರಲ್ಲಿ ಒಂದು ತಮಾಷೆ ಇದೆ. 2005ರ ರೋಪರ್ ವಿರುದ್ಧ ಸಿಮನ್ಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 18 ತುಂಬದೆ ಅಪರಾಧ ಮಾಡಿದವರಿಗೆ ಮರಣದಂಡನೆ ಕೊಡುವಂತಿಲ್ಲ ಅಂದಿತು. ಕೊಟ್ಟ ಕಾರಣಗಳು ಮನಃಶಾಸ್ತ್ರದ್ದೇ: ಆ ವಯಸ್ಸಿನವರು ಮುಂದಾಲೋಚನೆ ಇಲ್ಲದೆ ನಿರ್ಧಾರ ಮಾಡುತ್ತಾರೆ, ಓರಗೆಯವರ ಒತ್ತಡಕ್ಕೆ ಬೇಗ ಬಾಗುತ್ತಾರೆ, ಅವರ ವ್ಯಕ್ತಿತ್ವ ಇನ್ನೂ ರೂಪುಗೊಳ್ಳುತ್ತಿರುತ್ತೆ. 18 ತುಂಬಿದ ಮರುದಿನವೇ ಇವೆಲ್ಲ ನಿಲ್ಲಲ್ಲ ಅಂತ ಆ ತೀರ್ಪೇ ಒಪ್ಪುತ್ತೆ, ಎಲ್ಲಾದರೂ ಒಂದು ಗೆರೆ ಎಳೆಯಬೇಕಲ್ಲ ಅಂತ 18ಕ್ಕೆ ಎಳೆದದ್ದು. 3+3 ಕೇಳೋದು ಆ ಗೆರೆ ಈಗಷ್ಟೇ ದಾಟಿದವರನ್ನ: ಮುಂದಿನ ನಲವತ್ತು ವರ್ಷ ಏನು ಮಾಡ್ತೀರಿ, ಎರಡನೇ ಸೆಮಿಸ್ಟರ್ ಒಳಗೆ ಹೇಳಿ.

ನಗಬೇಡಿ, ನಮ್ಮದೇನೂ ಕಡಿಮೆ ಇಲ್ಲ. ಸಿಇಟಿ ಆಪ್ಷನ್ ಎಂಟ್ರಿ ದಿನ ಪಕ್ಕದ ಮನೆ ಅಣ್ಣ ಹೇಳಿದ ಅಂತ ಬ್ರಾಂಚ್ ತುಂಬಿದವರು ಎಷ್ಟು ಜನ ಇಲ್ಲ? ಮನಃಶಾಸ್ತ್ರದಲ್ಲಿ ಇದರ ಬಗ್ಗೆ ಒಂದು ಸಮಾಧಾನದ ಮಾತೂ ಇದೆ. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರ ಕೆಲಸದ ಪ್ರಕಾರ ತಣ್ಣಗೆ ಕೂತು, ಮಾಹಿತಿ ಮುಂದಿಟ್ಟುಕೊಂಡು, ಹೊತ್ತು ತಗೊಂಡು ಮಾಡುವ ಆಲೋಚನೆಯಲ್ಲಿ ಹದಿನಾರರವರು ದೊಡ್ಡವರಿಗೆ ಹೆಚ್ಚುಕಡಿಮೆ ಸಮ. ಹಿಂದೆ ಬೀಳುವುದು ಸ್ನೇಹಿತರ ಎದುರು, ಆವೇಶದಲ್ಲಿ, ಅವಸರದಲ್ಲಿ. ಹಾಗಾದರೆ ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರಿನ ಗದ್ದಲದಲ್ಲಿ ಕೊನೆಯ ದಿನ ಮಾಡೋದಕ್ಕಿಂತ ವಾರ ಮೊದಲು ಮನೆಯಲ್ಲಿ ಕೂತು ಮಾಡೋದು ಒಳ್ಳೆಯದು ಅನ್ನೋಕೆ ವೈಜ್ಞಾನಿಕ ಆಧಾರವೇ ಇದೆ.

ಇಲ್ಲಿ, ನಮಗೆ

ನಮ್ಮ ದೇಶದಲ್ಲಿ ಬಿಎ ಮೂರು, ಎಲ್‌ಎಲ್‌ಬಿ ಮೂರು, ಒಟ್ಟು ಆರು ವರ್ಷ ಅನ್ನೋದು ಹಳೆಯ ಮಾಮೂಲಿ ದಾರಿ. ಅಮೆರಿಕದವರ ಅವಸರದ ದಾರಿ ನಮಗೆ ನಿಧಾನದ ದಾರಿ! ಅದನ್ನು ಐದಕ್ಕೆ ಇಳಿಸಿದ್ದು ಐದು ವರ್ಷದ ಸಂಯುಕ್ತ ಕೋರ್ಸ್. ಅದಕ್ಕೆ ಹೆಸರು ತಂದುಕೊಟ್ಟಿದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಅದರ ಮೊದಲ ತಂಡ ಸೇರಿದ್ದು 1988ರಲ್ಲಿ. ಇಂಜಿನಿಯರಿಂಗ್ ಓದಿದವರಿಗೆ ಇರುವುದು ಮೂರು ವರ್ಷದ ಎಲ್‌ಎಲ್‌ಬಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಅಂಕ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ಹಲವು ಊರುಗಳಲ್ಲಿ ಇದು ಸಿಗುತ್ತೆ. ನಾಲ್ಕು ಕೂಡಿಸು ಮೂರು, ಏಳು. ಇಲ್ಲಿ ಓವರ್‌ಲ್ಯಾಪ್ ಇಲ್ಲ. ಬಿಇ ಪೂರ್ತಿ ಮುಗಿಸಿ, ಬ್ಯಾಕ್‌ಲಾಗ್ ಎಲ್ಲಾ ತೆಗೆದ ಮೇಲೇ ಅಲ್ಲಿಗೆ ಕಾಲಿಡಬೇಕು. ಅಂದಹಾಗೆ ಪೇಟೆಂಟ್ ಏಜೆಂಟ್ ಆಗೋಕೆ ಎಲ್‌ಎಲ್‌ಬಿಯೇ ಬೇಕಿಲ್ಲ, ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಇದ್ದರೆ ಅದರ ಪರೀಕ್ಷೆ ಬರೆಯಬಹುದು. ಆ ಬಾಗಿಲು ಮನಃಶಾಸ್ತ್ರದ ಬಿಎ ಮಾಡಿದವರಿಗೆ ತೆರೆಯಲ್ಲ, ನಮಗೆ ತೆರೆದಿದೆ.

ಮನಃಶಾಸ್ತ್ರ, ಕಾನೂನು, ಇಂಜಿನಿಯರಿಂಗ್ ಮೂರೂ ಎದುರುಬದುರಾದ ಪ್ರಕರಣವೊಂದು ನಮ್ಮ ರಾಜ್ಯದ ಹೆಸರಲ್ಲೇ ಇದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 2010ರ ಮೇ 5. ನಾರ್ಕೋ ಅನಾಲಿಸಿಸ್, ಸುಳ್ಳು ಪತ್ತೆ ಯಂತ್ರ, ಮಿದುಳಿನ ವಿದ್ಯುತ್ ಸಂಕೇತ ನೋಡುವ ಬ್ರೇನ್ ಮ್ಯಾಪಿಂಗ್, ಈ ಮೂರನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಅಂತ ತೀರ್ಪು ಬಂತು. ಸಂವಿಧಾನದ 20(3)ನೇ ವಿಧಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಅನ್ನುತ್ತೆ. ಜೊತೆಗೆ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯ. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಆ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯ ಆಗಲ್ಲ. ಆದರೆ ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯ ನೆರವಿನಿಂದ ಆಮೇಲೆ ವಸ್ತು ಅಥವಾ ಮಾಹಿತಿ ಏನಾದರೂ ಪತ್ತೆಯಾದರೆ ಅದನ್ನು ಸಾಕ್ಷ್ಯ ಕಾಯ್ದೆಯ ಪ್ರಕಾರ ಪರಿಗಣಿಸಬಹುದು.

ಯಂತ್ರ ಚೆನ್ನಾಗಿದ್ದರೆ ಯಾಕೆ ಬೇಡ ಅಂತ ವಾದ ಮಾಡುವವರು ನಮ್ಮಲ್ಲೇ ಇದ್ದಾರೆ, ಅದರಲ್ಲೂ ಸಿಗ್ನಲ್ ಪ್ರೊಸೆಸಿಂಗ್ ಪ್ರಾಜೆಕ್ಟ್ ಮಾಡುವವರು. ಅವರಿಗೆ ಒಂದು ಲೆಕ್ಕ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಸುಳ್ಳು ಪತ್ತೆ ಯಂತ್ರದ ಬಗ್ಗೆ ಒಂದು ವರದಿ ಕೊಟ್ಟಿತು. ಅದರಲ್ಲಿ ಒಂದು ಕಾಲ್ಪನಿಕ ಉದಾಹರಣೆ ಇದೆ: 10,000 ಜನ ಉದ್ಯೋಗಿಗಳು, ಅವರಲ್ಲಿ 10 ಜನ ಗೂಢಚಾರರು. ಸಾಕಷ್ಟು ಒಳ್ಳೆಯ ಯಂತ್ರ ಅಂತಲೇ ಇಟ್ಟುಕೊಂಡು, ಹತ್ತರಲ್ಲಿ ಎಂಟು ಜನ ಸಿಕ್ಕಿಬೀಳುವ ಹಾಗೆ ಥ್ರೆಶೋಲ್ಡ್ ಇಟ್ಟರೆ ಯಂತ್ರ ಒಟ್ಟು 1,606 ಜನರನ್ನು ಸುಳ್ಳುಗಾರರು ಅನ್ನುತ್ತೆ. ಅವರಲ್ಲಿ 8 ಜನ ಗೂಢಚಾರರು, 1,598 ಜನ ಪಾಪದವರು. ಯಂತ್ರ ಬೆರಳು ತೋರಿಸಿದವನು ನಿಜವಾಗಿಯೂ ಗೂಢಚಾರ ಆಗಿರುವ ಸಂಭವ 8 ಭಾಗಿಸು 1,606, ಅಂದರೆ ಶೇಕಡ ಅರ್ಧ. ಬೇಯ್ಸ್ ಪ್ರಮೇಯ ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಬಂದಾಗ ಚೆಂಡು-ಪೆಟ್ಟಿಗೆ ಲೆಕ್ಕದ ಬದಲು ಇದನ್ನು ಮಾಡಿ ನೋಡಿ. ಥ್ರೆಶೋಲ್ಡ್ ಏರಿಸಿದರೆ ಆ 1,598 ಇಳಿಯುತ್ತೆ, ಆಗ ಎಂಟರಲ್ಲಿ ಎಷ್ಟು ಜನ ಜಾರಿಕೊಳ್ತಾರೆ ಅಂತಲೂ ನೋಡಿ.